ಅಡಿವೆಯ್ಯ ಐಗಳ ‘ಮತ್ತೊಮ್ಮೆ’

ಕೂಡ್ರಿ, ಕೂಡ್ರಿ. ಹಿಂದೆ ಕೂತವರು ಸ್ವಲ್ಪ ಮುಂದೆ ಸರೀರಿ, ನನ್ನ ದನಿ ಈಗ ಮೊದಲಿನಂಗಿಲ್ಲ.

ಬಹಳ ಹಿಂದೆ, ನಿಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ತೊಟ್ಟಿಲಿಗೂ ಬಂದಿರದ ಕಾಲಕ್ಕೆ, ಗುಲಗಂಜಿನಾಳ ಅಂತ ಒಂದು ಊರಿತ್ತು. ಊರಿಗೊಬ್ಬರು ದೇಸಾಯರು. ದೇಸಾಯರಿಗೊಂದು ವಾಡೆ. ವಾಡೆಯ ಮಗ್ಗುಲಲ್ಲಿ ಒಂದು ಬೇವಿನ ಮರ, ಆ ಮರದ ಕೆಳಗೊಂದು ಸಾಲಿ. ಸಾಲಿಯ ಐಗಳು ಅಡಿವೆಯ್ಯ. ಐಗಳು ಅಂದರೆ ಆಗಿನ ಮಾಸ್ತರರು. ಅವರು ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತಂತೆ, ಸೀನಿದರೆ ಎರಡು ಹೊಲದಾಚೆ ಎತ್ತುಗಳು ನಿಂತುಬಿಡುತ್ತಿದ್ದವಂತೆ. ನಾನು ಕಂಡಿಲ್ಲ. ನಮ್ಮಜ್ಜಿಯೂ ಕಂಡಿಲ್ಲ. ಆದರೂ ಹಾಗಂತಾರೆ.

ಆ ಸಾಲಿಯಲ್ಲಿ ಕಲಿಸುತ್ತಿದ್ದದ್ದು ಮಗ್ಗಿ. ಹೊತ್ತು ಹುಟ್ಟಿದರೆ ಮಗ್ಗಿ, ನೆತ್ತಿಗೆ ಬಂದರೆ ಮಗ್ಗಿ, ಮುಳುಗಿದರೆ ಮಗ್ಗಿ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು ಅಂತ ಮಕ್ಕಳೆಲ್ಲ ಒಂದೇ ದನಿಯಲ್ಲಿ ಕೂಗುತ್ತಿದ್ದರು. ಕೇಳಿ ಕೇಳಿ ಬೇವಿನ ಮರದ ಗಿಳಿಗಳಿಗೂ ಬಾಯಿಪಾಠವಾಯಿತಂತೆ. ನೆರೆಯೂರಿನವರು ಬಂದು ಆ ಗಿಳಿಗಳನ್ನು ಹಿಡಿದೊಯ್ದು ತಮ್ಮೂರಲ್ಲಿ ಮಾಸ್ತರಿಕೆಗೆ ಇಟ್ಟುಕೊಂಡರು ಅಂತಲೂ ಹೇಳುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು ಅಂತ ನನಗೂ ಅನಿಸುತ್ತದೆ.

ದೇಸಾಯರದೊಂದು ಕಟ್ಟಳೆ ಇತ್ತು. ಪ್ರತಿ ಮಹಾನವಮಿಗೆ ಮಕ್ಕಳು ವಾಡೆಯ ಅಂಗಳದಲ್ಲಿ ಒಬ್ಬೊಬ್ಬರಾಗಿ ನಿಂತು ಮಗ್ಗಿ ಒಪ್ಪಿಸಬೇಕು. ನಡುವೆ ಎಡವಿದರೆ ಆ ಮಗುವಿಗೆ ಸಾಲಿ ಅವತ್ತಿಗೇ ಮುಗಿಯಿತು. ತಪ್ಪಿದವರು ತಪ್ಪಿದವರೇ, ಮನೆಗೆ ಹೋಗಬೇಕು. ಹಾಗೆ ಪ್ರತಿ ವರ್ಷ ಕೆಲವರು ಅಳುತ್ತ ಹೋಗುತ್ತಿದ್ದರು. ಐಗಳಿಗೆ ಸಂಕಟವಾಗುತ್ತಿತ್ತು. ಆದರೆ ಕಟ್ಟಳೆ ಕಟ್ಟಳೆಯೇ ಅಂತ ಸುಮ್ಮನಿರುತ್ತಿದ್ದರು.

ಆ ಸಾಲಿಗೆ ಮಾಳವ್ವ ಅಂತ ಒಂದು ಹುಡುಗಿ ಬಂದಳು. ಕುರಿ ಕಾಯುವ ಬೀರಪ್ಪನ ಮಗಳು. ಆ ಕಾಲದಲ್ಲಿ ಹೆಣ್ಣುಮಕ್ಕಳು ಸಾಲಿಗೆ ಹೋಗುತ್ತಿದ್ದರೇನು ಅಂತ ಕೇಳಬೇಡಿ, ಇವಳು ಹೋದಳು. ಅವಳಿಗೆ ಸಾಲಿ ಅಂದರೆ ಪ್ರಾಣ. ಆದರೆ ಮಾತಾಡುವಾಗ ತೊದಲು. ಒಂದು ಮಾತು ಹೊರಗೆ ಬರುವಷ್ಟರಲ್ಲಿ ಕುರಿ ಒಂದು ಪೊದೆ ಮೇಯ್ದು ಮುಗಿಸುತ್ತಿತ್ತು. ಮುಂದಿನ ಮಹಾನವಮಿಗೆ ಅವಳ ಸರದಿ. ಅವಳು ಎಡವುತ್ತಾಳೆ, ಸಾಲಿ ಬಿಡುತ್ತಾಳೆ ಅಂತ ಊರಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆದರೂ ದಿನಾ ಎಲ್ಲರಿಗಿಂತ ಮೊದಲು ಬಂದು ಮರದ ಕೆಳಗೆ ಕೂಡುತ್ತಿದ್ದಳು.

ಹೀಗಿರುವಾಗ ವಾಡೆಯಲ್ಲೊಂದು ಮದುವೆ ಬಂತು. ಎಂಟು ಎಂಟು ಜನರ ಏಳು ಸಾಲು ಕೂತಿದೆ, ಎಲೆ ಎಷ್ಟು ಬೇಕು ಅಂತ ಅಡುಗೆಯವರು ಕೇಳಿದರು. ಇಷ್ಟಕ್ಕೆ ಯಾಕೆ ಚಿಂತೆ, ನಮ್ಮ ರಾಚೋಟಿ ಇದ್ದಾನಲ್ಲ ಅಂದರು ದೇಸಾಯರು. ರಾಚೋಟಿ ಅಂದರೆ ಮಗ್ಗಿಯಲ್ಲಿ ಊರಿಗೇ ಮೊದಲನೆಯವನು. ಹುಡುಗ ಬಂದ, ಕೈ ಕಟ್ಟಿದ, ಕಣ್ಣು ಮುಚ್ಚಿದ, ತೂಗಾಡುತ್ತ ಶುರುಮಾಡಿದ. ಎಲ್ಲಿಂದ? ಎರಡೊಂದ್ಲೆ ಎರಡರಿಂದ! ಅವನಿಗೆ ಬರುತ್ತಿದ್ದದ್ದೇ ಹಾಗೆ. ನಡುವೆ ಇಳಿಯಲು ಬಾರದು, ನಡುವೆ ಹತ್ತಲು ಬಾರದು. ಐದರ ಮಗ್ಗಿಗೆ ಬಂದಾಗ ಯಾರೋ ಸೀನಿದರು. ಹುಡುಗ ಬೆಚ್ಚಿಬಿದ್ದು ಮತ್ತೆ ಎರಡೊಂದ್ಲೆ ಎರಡು ಅಂದ. ಬೇವಿನ ಮರದಿಂದ ಗಿಳಿಗಳೂ ದನಿಗೂಡಿಸಿದವು. ಅತ್ತ ಹುಗ್ಗಿ ತಳ ಹಿಡಿಯಿತು, ಇತ್ತ ಬೀಗರು ಹಸಿದು ಕೂತರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಐಗಳೂ ನಕ್ಕರಂತೆ. ಆದರೆ ಊಟಕ್ಕೆ ಕೂತವರು ಎಲೆ ಬಿಟ್ಟು ಎದ್ದರಂತೆ. ಗಿಳಿಗೂ ನನ್ನ ಮಕ್ಕಳಿಗೂ ರೆಕ್ಕೆ ಒಂದೇ ವ್ಯತ್ಯಾಸ ಅನಿಸಿ ಕಣ್ಣು ತುಂಬಿ ಬಂತು. ಮಾರನೆಯ ದಿನ ಅವರ ಬೆತ್ತ ಅವರದೇ ಒಲೆಗೆ ಹೋಯಿತು.

ಅಲ್ಲಿಂದ ಸಾಲಿಯ ಚಂದವೇ ಬೇರೆ. ಬಾಯಿಂದ ಹೇಳಬೇಡ, ಕೈಯಿಂದ ಮಾಡು ಅನ್ನುವುದು ಐಗಳ ಮೊದಲ ಮಾತು. ಒಬ್ಬರು ಜೋಳ ಅಳೆದರು, ಒಬ್ಬರು ಹಗ್ಗ ಹಿಡಿದು ಹೊಲ ಅಳೆದರು. ಬೇಗ ಕಲಿತವರು ಮುಂದೆ ಹೋದರು, ನಿಧಾನದವರು ನಿಧಾನವಾಗಿ ಬಂದರು. ಕೈಬೆರಳು ಐದೂ ಒಂದೇ ಸಮ ಇರುತ್ತವೇನು ಅನ್ನುತ್ತಿದ್ದರು ಐಗಳು. ಕಲಿತೆ ಅಂದವರು ಇನ್ನೊಬ್ಬರಿಗೆ ಕಲಿಸಿ ತೋರಿಸಬೇಕಿತ್ತು. ಯಾರಾದರೂ ತಪ್ಪಿದರೆ ಬೈಗುಳವಿಲ್ಲ, ಹೊಡೆತವಿಲ್ಲ, ‘ಮತ್ತೊಮ್ಮೆ’ ಅನ್ನುವುದಷ್ಟೇ.

ಮಾಳವ್ವನಿಗೆ ಏನು ಬರುತ್ತದೆ ಅಂತ ಕೇಳಿದರು. ಅವಳು ಕುರಿ ಎಣಿಸುವುದನ್ನು ತೋರಿಸಿದಳು. ದೊಡ್ಡಿಯ ಬಾಯಲ್ಲಿ ಸಣ್ಣ ಸಂದಿ ಬಿಟ್ಟು ಕೂಡುವುದು, ಒಂದೊಂದು ಕುರಿ ದಾಟಿದಾಗ ಒಂದೊಂದು ಬೆರಳು ಮಡಿಸುವುದು, ಒಂದು ಕೈ ಮುಗಿದರೆ ಉಡಿಗೆ ಒಂದು ಗುಲಗಂಜಿ ಹಾಕುವುದು. ರಾಚೋಟಿ ಅದನ್ನು ಅವಳಿಂದ ಕಲಿತ. ಕಲಿಯುವಾಗ ಎಷ್ಟೋ ಸಲ ತಪ್ಪಿದ. ಅವಳು ತೊದಲುತ್ತಲೇ ಮತ್ತೊಮ್ಮೆ ಅಂದಳು. ಅವನು ಅವಳಿಗೆ ಮಗ್ಗಿಯನ್ನು ಎಲ್ಲಿಂದ ಬೇಕಾದರೂ ಹಿಡಿಯುವುದನ್ನು ಕಲಿಸಿದ. ಅವಳಿಗೆ ಕಲಿಸಲು ಹೋಗಿ ತಾನೂ ಕಲಿತ.

ಊರು ಸುಮ್ಮನಿರುತ್ತದೆಯೇ? ಮಗ್ಗಿಯ ಸದ್ದಿಲ್ಲ, ಐಗಳು ಮಕ್ಕಳನ್ನು ಆಡಲು ಬಿಟ್ಟಿದ್ದಾರೆ ಅಂತ ದೇಸಾಯರ ಕಿವಿಗೆ ಊದಿದರು. ದೇಸಾಯರು ಕರೆಸಿ ಕೇಳಿದರು. ಐಗಳು ಹೆದರದೆ ಎಲ್ಲ ಹೇಳಿದರು, ಎಡವಿದ ಮಕ್ಕಳನ್ನು ಮನೆಗೆ ಕಳಿಸುವ ಕಟ್ಟಳೆ ಬಿಡಿ ಅಂತಲೂ ಕೇಳಿದರು. ದೇಸಾಯರು ಮೀಸೆ ತಿರುವಿದರು. ಆಗಲಿ, ಈ ಮಹಾನವಮಿಯ ಊಟದ ಲೆಕ್ಕವೆಲ್ಲ ನಿಮ್ಮ ಮಕ್ಕಳದು ಅಂದರು. ಆಮೇಲೆ ನನಗೆ ಬೇಕಾದವರನ್ನು ಬೇಕಾದ್ದು ಕೇಳುತ್ತೇನೆ, ಎಲೆ ಕಡಿಮೆ ಬಿದ್ದರೆ ಅಥವಾ ಒಂದು ಮಗು ತಪ್ಪಿದರೆ ಆ ಮಗುವಿಗೆ ಸಾಲಿಯಿಲ್ಲ, ನಿಮಗೆ ಊರಿಲ್ಲ ಅಂದರು.

ಮಹಾನವಮಿ ಬಂತು. ಕರೆದವರೂ ಬಂದರು, ಕರೆಯದವರೂ ಬಂದರು. ದೂರದ ಅಡವಿಯಿಂದ ಕುರಿಗಾರರು ಹೆಂಡಿರು ಮಕ್ಕಳು ಕುರಿಮಂದೆಯ ಸಮೇತ ಬಂದಿಳಿದರು. ಅಡುಗೆಯವರು ತಲೆಯ ಮೇಲೆ ಕೈಹೊತ್ತು ಕೂತರು. ಮಾಳವ್ವ ವಾಡೆಯ ದಿಡ್ಡಿಬಾಗಿಲಲ್ಲಿ ಕೂತಳು. ಜನ ಒಬ್ಬೊಬ್ಬರಾಗಿ ಒಳಗೆ ಬಂದರು, ಗುಲಗಂಜಿ ಒಂದೊಂದಾಗಿ ಉಡಿಗೆ ಬಿದ್ದವು. ಉಡಿಯನ್ನು ರಾಚೋಟಿಯ ಮುಂದೆ ಸುರಿದಳು. ರಾಚೋಟಿ ಕಣ್ಣು ತೆರೆದೇ ಲೆಕ್ಕ ಹೇಳಿದ! ಉಳಿದ ಮಕ್ಕಳು ಅಕ್ಕಿ ಅಳೆದರು, ಎಲೆ ಹಾಸಿದರು. ಯಾರಿಗೂ ಕಡಿಮೆಯಾಗಲಿಲ್ಲ. ಕೊನೆಗೆ ಪಾತ್ರೆಯಲ್ಲಿ ಉಳಿದದ್ದು ಕಾಗೆಗೆ ಒಂದು ತುತ್ತು ಅಂತಾರೆ.

ದೇಸಾಯರು ಎಲೆಯಡಿಕೆ ಹಾಕಿಕೊಂಡು ಅಂಗಳಕ್ಕೆ ಬಂದರು. ಸುತ್ತ ನೋಡಿ ಮಾಳವ್ವನತ್ತಲೇ ಬೆರಳು ಮಾಡಿದರು. ಏಳರ ಮಗ್ಗಿ ಒಪ್ಪಿಸು ಅಂದರು. ಹುಡುಗಿ ಬಾಯಿ ತೆರೆದಳು. ಏ... ಏ... ಅಂದಳು, ಮುಂದೆ ಹೋಗಲಿಲ್ಲ. ರಾಚೋಟಿಗೆ ಅಳು ಬಂತು. ಐಗಳು ಮೂಲೆಯಲ್ಲಿ ಬಿಟ್ಟಿದ್ದ ತಮ್ಮ ಕಾಲಿನ ಜೋಡು ಕೈಗೆತ್ತಿಕೊಂಡರು. ಎತ್ತಿಕೊಂಡು ಹೋಗಬೇಕಾದವರು, ಹೋಗಲಿಲ್ಲ.

“ದೊರಿ, ಆಕೀನ್ನ ಕೇಳಬ್ಯಾಡ್ರಿ. ಆಕೀ ಕಡಿಂದ ಒಂದು ಪಾಠ ಕಲಿತು ನೋಡ್ರಿ. ಆಮ್ಯಾಲೆ ನಾನು ಹೊಂಡತೀನಿ,” ಅಂದರು.

ಮಾಳವ್ವ ಕುರಿಗಾರರ ದೊಡ್ಡಿಯತ್ತ ಕೈ ತೋರಿಸಿದಳು. ಹೊಟ್ಟೆ ತುಂಬಿದವರಿಗೆ ಸಿಟ್ಟು ಕಡಿಮೆ. ಕುರಿ ಎಣಿಸೋದೇನು ಮಹಾ ಅಂತ ದೇಸಾಯರು ದೊಡ್ಡಿಯ ಸಂದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮಾಳವ್ವ ಬೆರಳು ಮಡಿಸಿ ತೋರಿಸಿದಳು, ಉಡಿಯ ಗುಲಗಂಜಿ ಕೊಟ್ಟಳು, ಕುರಿ ಬಿಟ್ಟಳು. ಮೊದಲೆಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಟಗರು ದೇಸಾಯರ ತಲೆಯ ರುಮಾಲಿನ ಮೇಲಿಂದಲೇ ಹಾರಿತು. ಅದರ ಹಿಂದೆ ಇನ್ನೆರಡು ಹಾರಿದವು. ರುಮಾಲು ಹಿಡಿಯಲೋ ಬೆರಳು ಮಡಿಸಲೋ ತಿಳಿಯದೆ ದೇಸಾಯರು ಲೆಕ್ಕ ತಪ್ಪಿದರು.

ತಪ್ಪಿದವರು ತಪ್ಪಿದವರೇ, ಮನೆಗೆ ಹೋಗಬೇಕು. ಅವರದೇ ಕಟ್ಟಳೆ. ದೇಸಾಯರ ಮುಖ ಕೆಂಪಾಯಿತು. ತಪ್ಪಿ ನಿಲ್ಲುವುದು ಅಂದರೆ ಹೇಗಿರುತ್ತದೆ ಅಂತ ಅವರಿಗೆ ಹುಟ್ಟಿದ ಮೇಲೆ ಮೊದಲ ಸಲ ತಿಳಿದದ್ದು ಅವತ್ತೇ ಅಂತಾರೆ.

ಮಾಳವ್ವ ಕುರಿಗಳನ್ನು ಅಟ್ಟಿಕೊಂಡು ಬಂದು ಮತ್ತೆ ದೊಡ್ಡಿಗೆ ತುಂಬಿದಳು. ದೇಸಾಯರ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

“ಮ... ಮ... ಮತ್ತೊಮ್ಮಿ ಎಣಸ್ರಿ, ದೊರಿ,” ಅಂದಳು.

ದೇಸಾಯರು ಎಣಿಸಿದರು, ತಪ್ಪಿದರು. ಮತ್ತೊಮ್ಮೆ ಅಂದಳು. ಮತ್ತೆ ಎಣಿಸಿದರು. ಕೊನೆಗೆ ಲೆಕ್ಕ ಸರಿಹೋದಾಗ ದೇಸಾಯರು ರುಮಾಲು ಮೇಲಕ್ಕೆಸೆದು ಮಕ್ಕಳ ಹಾಗೆ ಕುಣಿದರಂತೆ. ಆಮೇಲೆ ಐಗಳ ಕೈಯಿಂದ ಜೋಡು ಇಸಿದುಕೊಂಡು ತಾವೇ ಮೂಲೆಯಲ್ಲಿಟ್ಟರು. ಮರುದಿನ ಊರೂರಿಗೆ ಡಂಗುರ ಹೋಯಿತು: ನನ್ನ ಸೀಮೆಯಲ್ಲಿ ಎಡವಿದ ಮಗುವನ್ನು ಯಾರೂ ಮನೆಗೆ ಕಳಿಸಬಾರದು, ಮತ್ತೊಮ್ಮೆ ಅನ್ನಬೇಕು, ಬಾಯಲ್ಲಿ ಬಾರದ್ದನ್ನು ಕೈಯಲ್ಲಿ ತೋರಿಸಿದರೂ ನಡೆಯುತ್ತದೆ. ಮೊದಲು ಅಳುತ್ತ ಹೋಗಿದ್ದವರೆಲ್ಲ ತಿರುಗಿ ಬಂದರು. ಕೆಲವರಿಗೆ ಆಗಲೇ ಮೀಸೆ ಬಂದಿತ್ತು.

ಅಡಿವೆಯ್ಯನವರೂ ಹೋದರು, ದೇಸಾಯರೂ ಹೋದರು. ಅವರ ನಂತರ ಆ ಮರದ ಕೆಳಗೆ ಐಗಳಾಗಿ ಕೂತವಳು ಮಾಳವ್ವನೇ. ತೊದಲು ಹೋಗಿತ್ತೇನು ಅಂತ ಕೇಳುತ್ತೀರಿ. ಇಲ್ಲ, ಹೋಗಿರಲಿಲ್ಲ. ಅವಳ ಮಾತು ಮುಗಿಯುವವರೆಗೆ ಕಾಯುವುದನ್ನು ಊರೇ ಕಲಿತಿತ್ತು.

ಈಗಲೂ ಆ ಊರಿನಲ್ಲಿ ಮಗು ಮೊದಲ ದಿನ ಸಾಲಿಗೆ ಬಂದರೆ ಅಕ್ಷರ ಬರೆಸುವುದಿಲ್ಲ. ಮಾಸ್ತರರು ನೆಲದ ಮೇಲೆ ಕೂಡುತ್ತಾರೆ, ಮಗುವಿನ ಕೈಗೊಂದು ಗುಲಗಂಜಿ ಕೊಡುತ್ತಾರೆ, ನಿನಗೆ ಬರುವುದನ್ನು ನನಗೆ ಕಲಿಸು ಅನ್ನುತ್ತಾರೆ. ಒಂದು ಮಗು ಎಲೆಯ ಪೀಪಿ ಊದುವುದನ್ನು ಕಲಿಸುತ್ತದೆ, ಒಂದು ಮಗು ಕೋಳಿ ಕರೆಯುವುದನ್ನು ಕಲಿಸುತ್ತದೆ. ಮಾಸ್ತರರು ಬೇಕೆಂದೇ ಒಂದು ಸಲ ತಪ್ಪು ಮಾಡಬೇಕು, ಅದು ಅಲ್ಲಿಯ ಪದ್ಧತಿ. ಮಾಡಿ, ತಲೆ ತಗ್ಗಿಸಿ ಕೂಡಬೇಕು.

ಆಗ ಬಾಗಿಲಲ್ಲಿ ನಿಂತ ತಾಯಂದಿರೆಲ್ಲ ಉಸಿರು ಹಿಡಿದು ಕಾಯುತ್ತಾರೆ. ಮಗು ಮಾಸ್ತರರ ಮುಖ ನೋಡುತ್ತದೆ. ನೋಡಿ, ಯಾರೂ ಹೇಳಿಕೊಡದೆ, ತಾನೇ ಅನ್ನುತ್ತದೆ:

“ಇರಲಿ ಬಿಡ್ರಿ. ಮತ್ತೊಮ್ಮಿ ಮಾಡ್ರಿ.”