ಕೋಳಿಗೂಡಿನ ಸೆರಗು

ಗೂಡಿಗೆ ಸೆರಗು ಹಾಸು, ಮರೀಬೇಡ. ಅಷ್ಟು ಹೇಳಿ ಈರಕ್ಕ ಕಣ್ಣು ಮುಚ್ಚಿದಳಂತೆ.

ಯಾವ ಊರು, ಯಾವ ಕಾಲ ಅಂತ ಕೇಳಬೇಡ ಪುಟ್ಟಿ. ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಒಂದಾನೊಂದು ಕಾಲ ಅಂತ ಇಟ್ಟುಕೋ. ಹೂಂ ಅನ್ನು, ಹೇಳ್ತೀನಿ.

ಆ ಈರಕ್ಕನ ಗಂಡ ಮೂಡ್ಲಯ್ಯ. ನಾಲ್ಕು ಮಾತು ಕೇಳಿದರೆ ಒಂದು ಮಾತು ಆಡೋನು. ಯಾವ ಸೆರಗೇ, ಯಾಕೆ ಹಾಸಲಿ ಅಂತ ಕೇಳೋಣ ಅಂದುಕೊಂಡನಂತೆ. ಅಂದುಕೊಳ್ಳೋದರೊಳಗೆ ಅವಳು ಹೋಗಿಬಿಟ್ಟಿದ್ದಳಂತೆ.

ಹಿತ್ತಲಲ್ಲಿ ಅವಳ ಕೋಳಿಗೂಡು. ಮಣ್ಣಿನ ಗೋಡೆ, ಹುಲ್ಲಿನ ಸೂರು. ಒಳಗೆ ಒಂದು ಹುಂಜ, ಒಂದಿಷ್ಟು ಹೇಂಟೆ, ಮೂಲೆಯ ಕುಕ್ಕೆಯಲ್ಲಿ ಕಾವಿಗೆ ಕೂತ ಕೆಂಪಿ. ಕೆಂಪಿ ಕೆಳಗೆ ಮೊಟ್ಟೆ ಇಟ್ಟವಳು ಈರಕ್ಕ, ಹಾಸಿಗೆ ಹಿಡಿಯೋ ಹಿಂದಿನ ದಿನ. ಅವಳು ಕೈಯಾರೆ ಮಾಡಿದ ಕೊನೇ ಕೆಲಸ ಅದು. ಹಾಗಾಗಿ ಮೂಡ್ಲಯ್ಯನಿಗೆ ಬೇರೇನೂ ಬೇಡವಾಗಿತ್ತಂತೆ. ಆ ಮೊಟ್ಟೆ ಒಡೆದು ಮರಿ ಬಂದರೆ ಸಾಕಿತ್ತಂತೆ.

ಆದರೆ ಬಿಡಬೇಕಲ್ಲ. ಮೊದಲು ಹೆಗ್ಗಣ ಬಂತಂತೆ. ಗೋಡೆ ಬುಡ ಕೆರೆದು, ಒಳಗೆ ತೂರಿ, ಹೇಂಟೆ ಇಟ್ಟ ಮೊಟ್ಟೆ ಉರುಳಿಸಿಕೊಂಡು ಹೋಯಿತಂತೆ. ಮೂಡ್ಲಯ್ಯ ಆ ತೂತಿಗೆ ಕಲ್ಲು ಜಡಿದನಂತೆ. ಆಮೇಲೆ ಮುಂಗುಸಿ ಬಂತಂತೆ. ಅಯ್ಯೋ ಪಾಪ, ಈ ಬಾಗಿಲು ಹಾಕಿದ್ದಾರೆ, ಪಕ್ಕದ್ದು ತೆಗೆಯೋಣ ಅಂತ ಕಲ್ಲಿನ ಪಕ್ಕದಲ್ಲೇ ಅಗೆದು ಹೇಂಟೆಗಳ ಕತ್ತು ಮುರಿಯಿತಂತೆ. ಮೂಡ್ಲಯ್ಯ ಸುತ್ತಲೂ ಚಪ್ಪಡಿ ಹೂತನಂತೆ. ಆಮೇಲೆ ನರಿ ಬಂತಂತೆ. ಚಪ್ಪಡಿ ಎಷ್ಟು ಆಳವೋ ಅದಕ್ಕಿಂತ ಒಂದು ಗೇಣು ಕೆಳಗೆ ಇಳಿದು, ಹುಂಜನನ್ನೇ ಎತ್ತಿಕೊಂಡು ಹೋಯಿತಂತೆ.

ಉಳಿದಿದ್ದು ಕೆಂಪಿ ಒಬ್ಬಳೇ. ಮನೆಯೊಳಗೆ ತಂದಿಟ್ಟುಕೊಳ್ಳಬಾರದಿತ್ತಾ ಅಂತೀಯಾ? ಕಾವಿನ ಕೋಳಿ ಜಾಗ ಬದಲಾಯಿಸಿದರೆ ಎದ್ದುಬಿಡುತ್ತೆ ಕಣೇ, ಮತ್ತೆ ಕೂರಲ್ಲ. ಮೊಟ್ಟೆ ತಣ್ಣಗಾಗುತ್ತೆ.

ಆಗ ಮೂಡ್ಲಯ್ಯ ಪೆಟ್ಟಿಗೆ ತೆಗೆದು, ಈರಕ್ಕನ ಧಾರೆ ಸೀರೆ ತಂದು, ಅದರ ಸೆರಗನ್ನ ಗೂಡಿನ ಬಾಗಿಲಿಗೆ ಇಳಿಬಿಟ್ಟು, ಸುಕ್ಕು ಸವರಿ, ಅವಳ ಮಾತು ನಡೆಸಿದೆ ಅಂತ ಕೂತನಂತೆ. ಸಂಜೆ ನರಿ ಬಂದು ನೋಡಿತಂತೆ. ಎಂಥಾ ಮರ್ಯಾದಸ್ಥರು, ಉಂಡವರಿಗೆ ಬಾಯಿ ಒರೆಸಿಕೊಳ್ಳೋಕೆ ಜರತಾರಿ ಬಟ್ಟೆ ಇಟ್ಟಿದ್ದಾರೆ ಅಂತ ಮೂತಿ ಒರೆಸಿಕೊಂಡಿತಂತೆ. ಹುಂಜ ಇನ್ನೂ ಅರಗಿಲ್ಲ, ನಾಳೆ ಸಂಜೆ ಮೂವರೂ ಬರೋಣ ಅಂತ ಮುಂಗುಸಿಗೂ ಹೆಗ್ಗಣಕ್ಕೂ ಹೇಳಿ ಹೋಯಿತಂತೆ.

ಬೆಳಗಾಗುತ್ತಲೇ ಈರಕ್ಕನ ತಂಗಿ ಸಿದ್ದಕ್ಕ ಪಕ್ಕದ ಮನೆಯಿಂದ ಮುದ್ದೆ ತಂದಳು. ಗೂಡಿನ ಬಾಗಿಲಲ್ಲಿ ಸೀರೆ ನೋಡಿದಳು.

ಏನ್ ಭಾವ, ಕೆಂಪಿಗೆ ಮದುವೇನಾ? ನಮಗೊಂದು ಮಾತು ಹೇಳಬಾರದಾ, ಅಂದಳಂತೆ.

ನಿಮ್ಮಕ್ಕನೇ ಹೇಳಿದ್ದು. ಗೂಡಿಗೆ ಸೆರಗು ಹಾಸು ಅಂತ.

ಸಿದ್ದಕ್ಕ ನಕ್ಕಳು. ನಗ್ತಾ ನಗ್ತಾ ಅತ್ತಳು. ಅಯ್ಯೋ ಭಾವ, ನಮ್ಮ ತವರಲ್ಲಿ ಗೂಡಿನ ಸುತ್ತ ನೆಲಕ್ಕೆ ಹಾಸೋ ಮುಳ್ಳು ತಡಿಕೆಗೆ ಸೆರಗು ಅಂತೀವಿ. ಅಕ್ಕ ವರ್ಷಾ ವರ್ಷ ಹಾಸಿ ಮಣ್ಣು ಮುಚ್ಚೋಳು, ನೀನು ಕಂಡೇ ಇಲ್ವಾ? ಹಳೇದು ಗೆದ್ದಲು ತಿಂದಿರಬೇಕು. ಇಷ್ಟು ವರ್ಷ ಬಾಳಿ ಹೆಂಡತಿ ಮಾತು ತಿಳೀಲಿಲ್ವಲ್ಲೋ ನಿನಗೆ.

ಮೂಡ್ಲಯ್ಯ ಮಚ್ಚು ತಗೊಂಡು ಹೊರಟನಂತೆ.

ಜಾಲಿಮುಳ್ಳು ಕಡಿದು ತಂದ, ಬಿದಿರು ಸೀಳಿದ, ಸಿದ್ದಕ್ಕ ಹೆಣೆದಳು, ಇವನು ನರಿ ತೋಡಿದ ಬಿಲ ತುಂಬಿ ಹಾಸಿದ. ಗೋಡೆ ಬುಡದಿಂದ ಆಚೆಗೆ ಒಂದು ಮಾರು ನೆಲ, ಸುತ್ತಲೂ. ಹೊತ್ತು ಓಡ್ತಾ ಇತ್ತು, ಬೆವರು ಇಳೀತಾ ಇತ್ತು. ಕೊನೇ ಬುಟ್ಟಿ ಮಣ್ಣು ಮುಚ್ಚೋ ಹೊತ್ತಿಗೆ ಬೇಲಿ ಆಚೆ ನರಿ ಕೂಗಿತಂತೆ.

ಭಾವ, ಕೋಲು ಎತ್ತಬೇಡ, ಕೂಗಬೇಡ, ಕೆಂಪಿ ಬೆದರಿ ಎದ್ದರೆ ಎಲ್ಲಾ ಮುಗೀತು ಅಂದಳಂತೆ ಸಿದ್ದಕ್ಕ. ಮೂಡ್ಲಯ್ಯ ಗೂಡೊಳಗೆ ತೂರಿ, ಮೊಣಕಾಲು ಮಡಿಸಿ, ಕುಕ್ಕೆ ಪಕ್ಕ ಕೂತನಂತೆ.

ಪರಪರ ಅಂತು ಒಂದು ಕಡೆ. ಹೆಗ್ಗಣ. ಕೆರೆದು ಕೆರೆದು ಮೂಗಿಗೆ ಮುಳ್ಳು ಚುಚ್ಚಿ ಕೀಚ್ ಅಂತ ಓಡಿತಂತೆ. ಆಮೇಲೆ ಮುಂಗುಸಿ. ಇಲ್ಲಿ ಅಗೆದರೂ ಮುಳ್ಳು, ಅಲ್ಲಿ ಅಗೆದರೂ ಮುಳ್ಳು. ಇದೇನು ನೆಲವೋ ಮುಳ್ಳುಹಂದಿಯೋ ಅಂತ ಬೈದುಕೊಂಡು ಹೋಯಿತಂತೆ. ಆಮೇಲೆ ನರಿ. ಅದರ ಅಗೆತಕ್ಕೆ ಗೋಡೆಯೇ ನಡುಗಿತಂತೆ. ಸೂರಿನಿಂದ ಹುಲ್ಲು ಉದುರಿತಂತೆ. ಕೆಂಪಿ ಕತ್ತು ಎತ್ತಿದಳು, ರೆಕ್ಕೆ ಬಿಚ್ಚಿದಳು, ಇನ್ನೇನು ಏಳೋದರಲ್ಲಿದ್ದಳು.

ಏಳಬೇಡ ಕಣವ್ವಾ ಅಂದನಂತೆ ಮೂಡ್ಲಯ್ಯ, ಮೆಲ್ಲಗೆ. ಅವಳು ಇಟ್ಟಿರೋದು ಇವು. ನಾನು ಏನೂ ಕೇಳಲಿಲ್ಲ ಅವಳನ್ನ, ಜ್ವರ ಬಂದಾಗಲೂ ಹೇಗಿದೀಯೆ ಅಂತ ಎರಡು ಸಲ ಕೇಳಲಿಲ್ಲ. ನೀನು ಕೂತುಕೋ. ನಾನೂ ಕೂತಿದೀನಿ. ಹೀಗೆ ಹೇಳ್ತಾನೇ ಇದ್ದನಂತೆ, ಜನ್ಮದಲ್ಲಿ ಅಷ್ಟು ಮಾತು ಆಡಿರಲಿಲ್ಲವಂತೆ.

ಕೆಂಪಿ ರೆಕ್ಕೆ ಮಡಿಸಿದಳು.

ಹೊರಗೆ ನರಿ ಸುತ್ತಿ ಸುತ್ತಿ ಗೋಡೆ ಬುಡಕ್ಕೇ ಬರ್ತಿತ್ತಂತೆ. ಒಂದು ಮಾರು ಹಿಂದೆ ಹೋಗಿ ಅಗೆದಿದ್ದರೆ ದಾರಿ ಸಿಕ್ಕಿಬಿಡ್ತಿತ್ತು. ಆದರೆ ಕೋಳಿ ವಾಸನೆ ಗೋಡೆ ಹತ್ತಿರ, ಬಿಟ್ಟು ಹಿಂದೆ ಹೋಗೋಕೆ ಅದಕ್ಕೆ ಮನಸ್ಸೇ ಬರಲಿಲ್ಲವಂತೆ. ಕೊನೆಗೆ ಮುಂಗಾಲಿಗೆ ಮುಳ್ಳು ಮುರಿದು, ಈ ಮನೆ ಊಟ ಸರಿಯಿಲ್ಲ ಅಂತ ಮೂರು ಕಾಲಲ್ಲಿ ಕುಂಟಿಕೊಂಡು ಹೋಯಿತಂತೆ. ಮತ್ತೆ ಆ ಹಿತ್ತಲ ಕಡೆ ತಲೆ ಹಾಕಲಿಲ್ಲವಂತೆ.

ಬೆಳಗಿನ ಜಾವ ಕೆಂಪಿ ಹೊಟ್ಟೆ ಕೆಳಗೆ ಚಿಯ್ಯೋ ಅಂತು ಒಂದು. ಆಮೇಲೆ ಇನ್ನೊಂದು. ಆಮೇಲೆ ಎಣಿಸೋಕೆ ಆಗದಷ್ಟು.

ಈರಕ್ಕ ಹೋದಮೇಲೆ ಆ ಮನೆ ಒಲೆ ಹತ್ತಿರಲಿಲ್ಲ ನೋಡು. ಮೂಡ್ಲಯ್ಯ ಎದ್ದು, ಮೈಮೇಲಿನ ಹುಲ್ಲು ಕೊಡವಿ, ಒಲೆಯ ಬೂದಿ ತೆಗೆದು, ಬೆಂಕಿ ಹಚ್ಚಿ ನುಚ್ಚು ಬೇಯಿಸಿದನಂತೆ. ಆರಿಸಿ, ಅಂಗಳದಲ್ಲಿ ಮರಿಗಳಿಗೆ ಉದುರಿಸಿದನಂತೆ. ಆಮೇಲೆ ಉಳಿದ ನುಚ್ಚಿಗೆ ಒಂದು ಹರಳು ಉಪ್ಪು ಹಾಕಿಕೊಂಡು, ಅವುಗಳ ನಡುವೆ ಕೂತು, ಅವನೂ ಉಂಡನಂತೆ.

ಕತೆ ಅಲ್ಲೇ ಕೂತುಕೊಳ್ತು. ನೀನು ಮಲಗು.