ಕಸ್ತೂರಿಯ ಮೈಮೇಲಿನ ದಂಡು

"ಕೇಳ್ರಪ್ಪೋ ಕೇಳಿ. ರಾಜಕುಮಾರಿ ಸೋಮಾಜಮ್ಮಣ್ಣಿಯವರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹಾರುತ್ತದೆ. ಹಳೇ ಅಪ್ಪಣೆಯೂ ನೆನಪಿರಲಿ, ಅರಮನೆಯ ಮಾನ ಕಳೆಯುವಂತೆ ಅದರ ಲಾಯದಲ್ಲಿ ಹೇನಿದೆ ಎಂದವರ ತಲೆಯೂ ಹಾರುತ್ತದೆ."

ಹೊನ್ನಗವಿಯ ದೊರೆ ಮಲ್ಲರಾಜ ಈ ಡಂಗುರ ಹೊಡೆಸಿದಾಗ ಸಣ್ಣೀರ ಕುದುರೆಯ ಮೈ ತಿಕ್ಕುತ್ತಿದ್ದ. ಅವನು ಲಾಯದ ಕಾಸ್ತಾರ, ಕುದುರೆ ಚಾಕರಿಯೇ ಅವನ ಕಸುಬು. ಅವನ ಮುಂದೆ ನಿಂತಿದ್ದುದು ರಾಜಕುಮಾರಿಯ ಹೆಣ್ಣುಗುದುರೆ ಕಸ್ತೂರಿ. ಕುತ್ತಿಗೆಯ ಕೂದಲು ಉದುರಿತ್ತು, ಗೋಡೆಗೆ ಉಜ್ಜಿ ಉಜ್ಜಿ ತೊಗಲು ಹಸಿಯಾಗಿತ್ತು. ಜೋಯಿಸರು ಶಾಪ ಎಂದಿದ್ದರು. ಅಮಾವಾಸ್ಯೆಗೆ ಅದನ್ನು ಹುಲಿಯ ಕಾಡಿಗೆ ಅಟ್ಟುವುದೆಂದು ದೊರೆ ತೀರ್ಮಾನಿಸಿದ್ದ. ಅದು ಶಾಪವಲ್ಲ ಎಂದು ರಾಜಕುಮಾರಿಗೆ ಗೊತ್ತಿತ್ತು, ಕಾಸ್ತಾರರಿಗೆಲ್ಲ ಗೊತ್ತಿತ್ತು. ಬಾಯಿ ಬಿಡುವವರು ಯಾರು? ಯಾರಾದರೂ ಬಿಡಲಿ ಎಂದೇ ಅವಳು ಒಗಟು ಕಟ್ಟಿದ್ದಳು. ತಲೆಯ ಪಣ ಮಾತ್ರ ಅಪ್ಪ ಸೇರಿಸಿದ್ದು.

ಹುಣ್ಣಿಮೆಯ ದಿನ ಸಭೆ ಸೇರಿತು. ಸಣ್ಣೀರ ಬಾಗಿಲ ಬಳಿ ನಿಂತ.

"ಲಕ್ಷ ಜನರ ದಂಡು ಕುದುರೆ ಏರಿದೆ. ಜೀನು ಬೇಡ, ಕಡಿವಾಣ ಬೇಡ. ಏರಿದವರು ಇಳಿಯುವುದಿಲ್ಲ, ಕುದುರೆಯನ್ನೇ ಉಣ್ಣುತ್ತಾರೆ. ಅದು ಏನು?" ಎಂದಳು ರಾಜಕುಮಾರಿ.

ನೆರೆಸೀಮೆಯ ಅರಸುಮಗ ಮೀಸೆ ತೀಡಿ "ಶತ್ರುಸೈನ್ಯ" ಎಂದ. ಕೈ ಕಟ್ಟಿ ಕೂರಿಸಿದರು. ದಳವಾಯಿ "ಮಿಡತೆ" ಎಂದ, ಅವನನ್ನೂ ಕೂರಿಸಿದರು. ಜೋಯಿಸ ಬೆರಳೆಣಿಸಿ "ಶನಿಯ ದೃಷ್ಟಿ" ಎಂದ. ದೃಷ್ಟಿ ಲಕ್ಷ ಹೇಗಾಯಿತೋ ಅವನೇ ಬಲ್ಲ. ಮೂವರಿಗೂ ಉತ್ತರ ನಾಲಗೆಯ ತುದಿಗೆ ಬಂದು ವಾಪಸಾದದ್ದನ್ನು ಸಣ್ಣೀರ ಕಂಡ. ಅವನಿಗೆ ಮೈಯೆಲ್ಲ ಉರಿಯಿತು. ನುಗ್ಗಿ ಮುಂದೆ ಬಂದ.

"ಅದು ಏನು, ಬುದ್ಧಿ" ಎಂದ.

ಸಭೆ ಘೊಳ್ಳೆಂದು ನಕ್ಕಿತು. ಒಗಟನ್ನೇ ತಿರುಗಿ ಕೇಳುತ್ತಾನಲ್ಲ ಎಂದರು. ಅವನು ಕೇಳಿದ್ದಲ್ಲ, ಹೇಳಿದ್ದು. ಅವನ ಕೇರಿಯವರ ನಾಲಗೆಗೆ ಹಕಾರ ಹೊರಳುವುದಿಲ್ಲ. ಹಾಲು ಆಲಾಗುತ್ತದೆ, ಹೇನು ಏನಾಗುತ್ತದೆ.

ಮುದಿ ಮಂತ್ರಿಗೆ ತಿಳಿಯಿತು. ಅವನು ಕರುಣೆಯವನು. "ಪ್ರಭು, ಇವನು ಬರೀ 'ಏನು' ಎಂದು ಕೇಳಿದ. ಉತ್ತರ ಹೇಳಿಲ್ಲ, ಅಪ್ಪಣೆ ಮೀರಿಲ್ಲ. ಹೋಗಲಿ ಬಿಡಿ" ಎಂದ. ದೊರೆಯೂ ಹಗುರಾಗಿ ತಲೆಯಾಡಿಸಿದ.

ಹೋಗಬಹುದಿತ್ತು. ಹೋದರೆ ತಲೆ ಉಳಿಯುತ್ತಿತ್ತು, ಕಸ್ತೂರಿ ಹುಲಿಯ ಪಾಲಾಗುತ್ತಿತ್ತು. ಸಣ್ಣೀರ ಎದೆ ತುಂಬ ಉಸಿರೆಳೆದ. ಹುಟ್ಟಿದ ಮೇಲೆ ಮೊದಲ ಸಲ ಆ ಅಕ್ಷರವನ್ನು ಹೊಟ್ಟೆಯಿಂದ ಹೊರಕ್ಕೆ ತಳ್ಳಿದ.

"ಹ್... ಹೇನು. ನಿಮ್ ಲಾಯದಾಗೆ ಹೇನು ಬಿದ್ದವೆ, ಬುದ್ಧಿ."

ಕತ್ತಿ ಒರೆಯಿಂದ ಹೊರಬಂತು. "ಇನ್ನೆರಡು ಒಗಟು ಅವೆ. ಆಮೇಲೆ ಕಡೀರಿ" ಎಂದು ಸಣ್ಣೀರ ರಾಜಕುಮಾರಿಯ ಕಡೆ ತಿರುಗಿದ.

ಅವಳು ಎರಡನೆಯದನ್ನು ಒಡ್ಡಿದಳು. "ಕಾಲಿಲ್ಲ, ಬಂಗಾರದ ಮೈ. ಲಾಯದ ಎಲ್ಲ ಕುದುರೆಗಳ ಬೆನ್ನಿಗೂ ಆ ದಂಡನ್ನು ಹೊತ್ತು ತಿರುಗಿದ ಪಲ್ಲಕ್ಕಿ ಯಾವುದು?"

"ಕುದುರೆ ಬೆನ್ನಿಗೆ ಆಕೋ ದೊರೆಗಳ ಜರಿ ಗವುಸು. ಮೆರವಣಿಗೆಗೆ ಇವತ್ತು ಈ ಕುದುರೆ ಮ್ಯಾಲೆ, ನಾಳೆ ಆ ಕುದುರೆ ಮ್ಯಾಲೆ. ಒಂದರ ಮೈಯ ಏನು ಇನ್ನೊಂದಕ್ಕೆ ಅಂಗೇ ಓಯ್ತದೆ. ತೊಳದ್ರೆ ಜರಿ ಕಪ್ಪಾಯ್ತದೆ ಅಂತ ತೊಳಿಯಾಕೂ ಬಿಡಲ್ಲ ನೀವು."

ದೊರೆಯ ಮುಖ ಕಪ್ಪಿಟ್ಟಿತು. ರಾಜಕುಮಾರಿ ಮೂರನೆಯದನ್ನು ಒಡ್ಡಿದಳು.

"ಆ ದಂಡನ್ನು ಕೊಂದವನು ಗೆದ್ದೆ ಎಂದು ಬೀಗುತ್ತಾನೆ. ಎರಡು ವಾರಕ್ಕೆ ಅದು ಮತ್ತೆ ಏಳುತ್ತದೆ. ನಿಜವಾಗಿ ಗೆಲ್ಲುವವನು ಯಾರು?"

"ಎರಡ್ನೇ ಸಲ ತೊಳಿಯೋನು, ತಾಯಿ. ಏನು ಸತ್ತರೂ ಅದರ ಮೊಟ್ಟೆ ಸಾಯಲ್ಲ, ಸೀರು ಕೂದಲಿಗೆ ಅಂಟ್ಕಂಡಿರ್ತದೆ. ಅದು ಒಡದು ಮರಿ ಬಂದಾಗ ಇನ್ನೊಂದ್ ದಪ ತೊಳೀಬೇಕು. ಒಂದು ಕುದುರೆಗಲ್ಲ, ಎಲ್ಲಕ್ಕೂ." ಅವನು ದೊರೆಯನ್ನು ನೇರ ನೋಡಿದ. "ಅದ್ನಾಕನೇ ದಿನಕ್ಕೆ ಈ ಕೈ ಬೇಕು. ಆಮೇಲೆ ತಲೆ ತಕ್ಕಳಿ."

ದೊರೆ ಹದಿನಾಲ್ಕು ದಿನ ಕೊಟ್ಟ.

ಸಣ್ಣೀರ ಕುದುರೆಗಳ ಉದ್ದ ಕೂದಲು ಕತ್ತರಿಸಿದ. ಸೀತಾಫಲದ ಬೀಜ ಅರೆದು ಹೊಂಗೆ ಎಣ್ಣೆಯಲ್ಲಿ ಕಾಯಿಸಿ ಆರಿಸಿದ. ಕಣ್ಣಿಗೆ ತಾಗದಂತೆ ಬಟ್ಟೆ ಕಟ್ಟಿ, ಒಂದೊಂದಕ್ಕೂ ಬಾಲದ ಬುಡದವರೆಗೆ ಹಚ್ಚಿ ತೊಳೆದ. ಜರಿ ಗವುಸು ಮೂರು ಗಂಟೆ ಹಂಡೆಯಲ್ಲಿ ಕುದಿಯಿತು. ಹದಿನಾಲ್ಕನೇ ದಿನ ಎಲ್ಲವನ್ನೂ ಮತ್ತೆ ತೊಳೆದು, ಕೈ ಒರೆಸಿಕೊಂಡು, ತಾನೇ ಹೋಗಿ ಕತ್ತಿಯ ಮುಂದೆ ನಿಂತ.

ದೊರೆ ಕಸ್ತೂರಿಯ ಕುತ್ತಿಗೆ ಸವರಿದ. ಹೊಸ ಕೂದಲು ಬೆರಳಿಗೆ ಸಿಕ್ಕಿತು. ಆದರೂ "ಅಪ್ಪಣೆ ಅಪ್ಪಣೆಯೇ" ಎಂದ.

"ನನ್ನ ಕುದುರೆಗೆ ಹೇನು ಬಿದ್ದಿತ್ತು" ಎಂದಳು ರಾಜಕುಮಾರಿ, ಸಣ್ಣೀರನ ಪಕ್ಕ ಬಂದು. "ಲಾಯದಲ್ಲಿ ಹೇನಿತ್ತು" ಎಂದ ಮಂತ್ರಿ. ಕಾಸ್ತಾರರು ಒಬ್ಬೊಬ್ಬರಾಗಿ ಹೇಳಿದರು. ಕೈ ಕಟ್ಟಿಸಿಕೊಂಡಿದ್ದ ದಳವಾಯಿಯೂ ಹೇಳಿದ. ಜೋಯಿಸ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ. ಕತ್ತಿ ಹಿಡಿದವನು ಯಾವ ಕುತ್ತಿಗೆಯಿಂದ ಶುರು ಮಾಡಬೇಕೆಂದು ದೊರೆಯ ಮುಖ ನೋಡಿದ.

ದೊರೆ ಕತ್ತಿಯನ್ನು ಒರೆಗೆ ಹಾಕಿಸಿದ. "ಇತ್ತು" ಎಂದ ಕೊನೆಗೆ. "ನನ್ನ ಗವುಸಿನಲ್ಲೇ ಇತ್ತು."

ಸಣ್ಣೀರ ಬೇಡಿದ್ದು ಮೂರು: ಕಟ್ಟಿದವರನ್ನು ಬಿಡಬೇಕು, ಆ ಅಪ್ಪಣೆಯನ್ನು ಅಳಿಸಬೇಕು, ಕುದುರೆಗೊಂದೊಂದು ಬೇರೆ ಗವುಸು ಕೊಡಬೇಕು. ದೊರೆ ಮೂರನ್ನೂ ಕೊಟ್ಟು, ಲಾಯದ ಯಜಮಾನಿಕೆಯನ್ನೂ ಅವನ ಕೈಗಿಟ್ಟ. ಹೊನ್ನಗವಿಯ ಕುದುರೆಗಳು ಅಲ್ಲಿ ಮೈ ಕೆರೆದುಕೊಳ್ಳದೆ ಮೇಯುತ್ತಿವೆ. ಕತೆ ಕೇಳಿದ ನಾವು ನೀವು ಇಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೇವೆ.