ಹುಂಜಜ್ಜನ ಅರಿಶಿನ ನೀರು

ಬೆಳಗಾದಾಗ ಹೇಂಟೆಯ ಎಂಟು ಮರಿಗಳಲ್ಲಿ ಎರಡು ಸತ್ತಿದ್ದವು. ಇನ್ನೊಂದು ರೆಕ್ಕೆ ಇಳಿಬಿಟ್ಟು ರಕ್ತ ಬೆರೆತ ಹಿಕ್ಕೆ ಹಾಕುತ್ತಿತ್ತು. ಹೇಂಟೆ ಗಾಬರಿಯಿಂದ ಮುದಿ ಹುಂಜವನ್ನು ಕರೆಯಿತು.

“ದೃಷ್ಟಿ,” ಎಂದಿತು ಹುಂಜ, ಮರಿಯನ್ನು ನೋಡುವ ಮೊದಲೇ. ತನ್ನ ರೆಕ್ಕೆಯನ್ನು ಅರಿಶಿನ ನೀರಿನಲ್ಲಿ ಅದ್ದಿ ಗೂಡಿನ ತುಂಬ ಚಿಮುಕಿಸಿತು. ಮರುದಿನ ಮತ್ತೆರಡು ಸತ್ತವು. “ಘೋರ ದೃಷ್ಟಿ,” ಎಂದು ಎರಡರಷ್ಟು ನೀರು ಚಿಮುಕಿಸಿತು.

ಆಗ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಬಾಯಿಬಿಟ್ಟಿತು: “ತಾಯಿ, ಸೂರು ಸೋರಿ ನಾನು ಮೊದಲೇ ಒದ್ದೆಯಾಗಿದ್ದೆ. ರೋಗ ನನ್ನೊಳಗೇ ಬೆಳೆಯುತ್ತಿದೆ, ಮರಿಗಳು ನನ್ನನ್ನೇ ಕೆದಕಿ ತಿನ್ನುತ್ತಿವೆ. ಅಜ್ಜ ಇನ್ನಷ್ಟು ನೆನೆಸುತ್ತಿದ್ದಾರೆ.”

“ಕಾಲ ಕೆಳಗೆ ಬಿದ್ದಿರುವ ನಿನಗೇಕೆ ವೈದ್ಯದ ಮಾತು?” ಎಂದು ಹುಂಜ ಗದರಿತು.

ಹೇಂಟೆ ವಾದಕ್ಕೆ ನಿಲ್ಲಲಿಲ್ಲ. ಉಳಿದ ನಾಲ್ಕನ್ನು ಬಿಸಿಲಿನ ಒಣ ಮಣ್ಣಿಗೆ ಕರೆದೊಯ್ದಿತು. ದಾರಿಯಲ್ಲಿ ಒಂದು ಸತ್ತಿತು, ಮೂರು ಬದುಕಿದವು.

ವಾರ ಕಳೆದ ಮೇಲೆ ಹುಂಜ ಖಾಲಿ ಗೂಡಿನ ಬಾಗಿಲಲ್ಲಿ ನಿಂತು ಕೇರಿಯ ಕೋಳಿಗಳಿಗೆ ಹೇಳಿತು: “ನೋಡಿ, ಎರಡನೆಯ ಸಲ ನೀರು ಹಾಕಿದ ಮೇಲೆ ಇಲ್ಲಿ ಒಂದು ಮರಿಯೂ ಸಾಯುತ್ತಿಲ್ಲ.”

“ನಮ್ಮ ಗೂಡಿಗೂ ಬನ್ನಿ ಅಜ್ಜ,” ಎಂದಿತು ಪಕ್ಕದ ಮನೆಯ ಹೇಂಟೆ. ಅದಕ್ಕೆ ಹತ್ತು ಮರಿಗಳಿದ್ದವು.